ಎಡಗೈಯ ಕಬ್ಬಿಣ

ಬಿದಿರು ಮತ್ತೆ ತಪ್ಪಾಗಿಯೇ ಬಿತ್ತು.

ನೊಮ್‌ಪೆಂಗ್ ದೊಡ್ಡಪ್ಪ ಎರಡು ಸೀಳುಗಳನ್ನೂ ನೆಲದಿಂದ ಎತ್ತಿಕೊಂಡರು. ನನ್ನ ಗಂಡನ ತಲೆಯ ಬಳಿ ಕುಕ್ಕರುಗಾಲಿನಲ್ಲಿ ಕೂತು, ನಿದ್ದೆಯಲ್ಲಿದ್ದವನನ್ನು ಎಬ್ಬಿಸುವ ಹಾಗೆ ಮಾತಾಡಿದರು.

"ಚೆರ್ ಪಾವ್, ಹೊತ್ತಾಯ್ತು ಕಣಪ್ಪ. ಹಂದಿ ಕೊಟ್ಟಿದೀವಿ. ಎತ್ತು ಕೊಟ್ಟಿದೀವಿ. ನಿಮ್ಮಪ್ಪ ನಿಮ್ಮಜ್ಜ ಬೆಟ್ಟದ ಮೇಲೆ ಕಾಯ್ತಾ ಕೂತಿದಾರೆ. ಇನ್ನೇನು ಬೇಕು ನಿಂಗೆ? ಹೂಂ ಅನ್ನು."

ಎಸೆದರು. ಸೀಳುಗಳು ಬೀಳುವ ರೀತಿಯೇ ಸತ್ತವನ ಉತ್ತರ. ಅವನು ಹೂಂ ಅನ್ನಲಿಲ್ಲ.

ಮೊದಲ ದಿನದಿಂದಲೂ ಹೀಗೆಯೇ. ಶನಿವಾರ ದಾರಿಯ ಹಾಡು ಹಾಡಿ, ಈ ಊರಿನಿಂದ ಹಿಂದಕ್ಕೆ ಥಾಯ್ಲೆಂಡಿನ ಕ್ಯಾಂಪಿಗೆ, ಅಲ್ಲಿಂದ ಮೆಕಾಂಗ್ ನದಿ ದಾಟಿಸಿ, ಅವನ ಹೊಕ್ಕುಳಬಳ್ಳಿ ಹೂತ ಲಾವೋಸಿನ ಹಳ್ಳಿಯವರೆಗೆ ಒಂದೊಂದೇ ಊರಿನ ಹೆಸರು ಹೇಳಿ ಕರೆದೊಯ್ಯುವಾಗ ಏಳು ಸಲ ಎಸೆಯಬೇಕಾಯಿತು. ಭಾನುವಾರ ಅನ್ನ ಇಟ್ಟಾಗ ಹದಿನೈದು ಸಲ. ಇಂದು ಸೋಮವಾರ, ಹೊರಡುವ ದಿನ. ದೊಡ್ಡಪ್ಪ ಎಣಿಸುವುದನ್ನೇ ಬಿಟ್ಟಿದ್ದರು. ಖೆಂಗ್ ಊದುವವನು ಬಿದಿರ ಕೊಳವೆಗಳನ್ನು ಕೆಳಗಿಳಿಸಿ ತುಟಿ ಒರೆಸಿಕೊಂಡ. ನಗಾರಿಯವನ ಕೈ ಗಾಳಿಯಲ್ಲೇ ನಿಂತಿತು. ಶವಸಂಸ್ಕಾರದ ಹಾಲ್ ತುಂಬ ಇನ್ನೂರು ಜನ. ಅಳುತ್ತಿದ್ದ ಹೆಂಗಸರೂ ಅಳು ನಿಲ್ಲಿಸಿದರು.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಎರಡು ಗಂಟೆಗೆ ಹಾಲ್ ಬಿಟ್ಟುಕೊಡಬೇಕು. ಮೂರರ ಮೇಲೆ ಸ್ಮಶಾನದವರು ಮಣ್ಣು ಮುಟ್ಟುವುದಿಲ್ಲ. ನಾಳೆಗೆ ಹಾಕೋಣವೆಂದರೆ ನಾಳೆ ಒಳ್ಳೆಯ ದಿನವಲ್ಲ, ನಾಡಿದ್ದೂ ಅಲ್ಲ.

"ಮೈಮೇಲೆ ಏನೋ ಲೋಹ ಇದೆ," ಎಂದರು ದೊಡ್ಡಪ್ಪ. "ತೊಳೆದೋರು ಯಾರು?"

"ನಾನೇ." ನನ್ನ ಮೈದುನ ಸೈ ಮುಂದೆ ಬಂದ.

"ಅಂಗಿ ಗುಂಡಿ?"

"ಒಂದೂ ಇಲ್ಲ. ಎಲ್ಲಾ ದಾರ ಕಟ್ಟಿದ್ದು."

"ಹಲ್ಲು?"

"ಚಿನ್ನದ ಹಲ್ಲು ಶುಕ್ರವಾರವೇ ತೆಗೆದ್ವಿ."

"ಪೆಟ್ಟಿಗೆ?"

"ಮರದ ಮೊಳೆ ದೊಡ್ಡಪ್ಪ. ಮೂರು ಸಲ ಅಯಸ್ಕಾಂತ ಇಟ್ಟು ನೋಡಿದೀನಿ."

ದೊಡ್ಡಪ್ಪ ಸುತ್ತಲೂ ಒಬ್ಬೊಬ್ಬರ ಮುಖ ನೋಡುತ್ತ ಬಂದರು. ನನ್ನ ಮುಖದ ಮೇಲೆ ಅವರ ನೋಟ ನಿಂತಿತು. ನಾನು ನೆಲ ನೋಡಿದೆ. ಬೆಳಗಿನಿಂದ ನೆಲವನ್ನೇ ನೋಡುತ್ತಿದ್ದೆ. ನನ್ನ ಮಗಳು ಪಾ ನ್ಯಾಳ ತೊಡೆಯ ಮೇಲೆ ಅವಳ ಕೂಸು ಮಲಗಿತ್ತು. ಅದಕ್ಕೆ ನಿನ್ನೆಯಿಂದ ಜ್ವರ. ಬಿಸಿ ಕಲ್ಲಿನ ಹಾಗಿತ್ತು ಮೈ.

ಲೋಹ ಹೊತ್ತು ಹೋದವನನ್ನು ಹಿರಿಯರು ಒಳಗೆ ಸೇರಿಸುವುದಿಲ್ಲ. ಅವನು ದಾರಿಯಲ್ಲೇ ನಿಂತು ತಿರುಗಿ ನೋಡುತ್ತಾನೆ. ಅವನು ನೋಡಿದ ಕಡೆ ಮಕ್ಕಳು ಕಾಯಿಲೆ ಬಿದ್ದು ಮಲಗುತ್ತವೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೂ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಸತ್ತವನು ಗಮನಿಸಲಿಕ್ಕಿಲ್ಲ, ಹೇಗೋ ಹೋಗಿಬಿಡುತ್ತಾನೆ ಅಂದುಕೊಂಡಿದ್ದೆ.

"ಎಡಗೈಯೊಳಗಿದೆ," ಎಂದೆ. "ಮೂಳೆಗೆ ಲೋಹದ ಪಟ್ಟಿ ಬಡಿದಿದಾರೆ. ಆರು ಸ್ಕ್ರೂ."

ಸೈ ನನ್ನನ್ನು ನೋಡಿದ. "ಅಣ್ಣನ ಕೈಯಲ್ಲಾ? ಉಳುಕಿತ್ತು ಅಂದಿದ್ರಲ್ಲ ಅತ್ತಿಗೆ?"

"ಉಳುಕಿರಲಿಲ್ಲ."

ಒಂಬತ್ತು ವರ್ಷದ ಹಿಂದಿನ ಮಾತು. ಆಗ ಅವನು ಕಾರ್ಖಾನೆಯಲ್ಲಿ ತೂಗುಹಾಕುವ ಕೋಣೆಯಲ್ಲಿದ್ದ. ಲಾರಿಯಿಂದ ಬಂದ ಟರ್ಕಿ ಕೋಳಿಗಳನ್ನು ಜೀವಂತವಾಗಿ ಕಾಲು ಹಿಡಿದೆತ್ತಿ ತಲೆಕೆಳಗಾಗಿ ಕೊಕ್ಕೆಗೆ ಸಿಕ್ಕಿಸುವ ಕೆಲಸ. ಒಂದೊಂದು ಹದಿನೈದು ಕಿಲೋ. ನಿಮಿಷಕ್ಕೆ ಹನ್ನೆರಡು. ಕೋಳಿಗಳು ಬೆದರದಿರಲೆಂದು ಅಲ್ಲಿ ಮಂದ ನೀಲಿ ಬೆಳಕು. ಮುಖದ ತುಂಬ ಹಿಕ್ಕೆ, ಮೂಗಿನ ತುಂಬ ಪುಕ್ಕ. ಬಿಳಿಯರು ಆ ಕೋಣೆಯಲ್ಲಿ ಒಂದು ವಾರ ನಿಲ್ಲುತ್ತಿರಲಿಲ್ಲ. ನಾವು ನಿಂತೆವು. ನಾವು ಹ್ಮಾಂಗ್ ಜನ, ಬೆಟ್ಟ ಹತ್ತಿದವರು, ಹೊಳೆ ಈಜಿದವರು, ಇದೇನು ಮಹಾ ಎಂದು ನಿಂತೆವು.

ಒಂದು ದಿನ ತೋಳಿನ ಬಟ್ಟೆ ಕೊಕ್ಕೆಗೆ ಸಿಕ್ಕಿತು. ಸರಪಳಿ ಮೇಲಕ್ಕೆ ಹೋಯಿತು. ಕೈ ಅದರ ಜೊತೆ ಹೋಯಿತು. ಗುಂಡಿ ಒತ್ತಿ ಸರಪಳಿ ನಿಲ್ಲಿಸಬೇಕಾದವನು ಸೂಪರ್‌ವೈಸರನ್ನು ಕೇಳಲು ಓಡಿದ. ಕೇಳದೆ ನಿಲ್ಲಿಸುವಂತಿರಲಿಲ್ಲ.

ಕಂಪನಿಯ ವ್ಯಾನಿನಲ್ಲೇ ಕರೆದೊಯ್ದು, ಮೂಳೆಗೆ ಆ ಪಟ್ಟಿ ಹಾಕಿಸಿ ಕರೆತಂದರು. ಯಾವ ಊರು, ಯಾವ ಆಸ್ಪತ್ರೆ, ನಮಗೆ ಇಂದಿಗೂ ತಿಳಿಯದು. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಅದೇ ವ್ಯಾನು ಮನೆ ಮುಂದೆ ಬಂದು ನಿಂತಿತು. ಅವನನ್ನು ಕಾರ್ಖಾನೆಯ ಊಟದ ಕೋಣೆಯಲ್ಲಿ ಒಂದು ಕುರ್ಚಿಯ ಮೇಲೆ ಕೂರಿಸಿದರು. ಕೆಲಸವೇನೂ ಇಲ್ಲ. ಹಾಜರಿ ಹಾಕಿ ಗೋಡೆ ನೋಡುತ್ತ ಕೂರುವುದು. ನೋವಿಗೆ ಬೆವರುತ್ತ ಹನ್ನೊಂದು ವಾರ ಕೂತ. ಒಂದು ದಿನವೂ ರಜೆಯಿಲ್ಲವೆಂದ ಮೇಲೆ ಅಪಘಾತವೂ ಆಗಿಲ್ಲ. ಗೇಟಿನ ಬಳಿಯ ಫಲಕದಲ್ಲಿ ಅಪಘಾತವಿಲ್ಲದ ದಿನಗಳ ಸಂಖ್ಯೆ ಏರುತ್ತಲೇ ಹೋಯಿತು. ಸಾವಿರವಾದ ದಿನ ಎಲ್ಲರಿಗೂ ಒಂದೊಂದು ಕೋಳಿ ಹಂಚಿದರು. ಅವನೂ ಒಂದನ್ನು ಬಲಗೈಯಲ್ಲಿ ಹಿಡಿದು ಮನೆಗೆ ತಂದ.

ಆ ಹನ್ನೊಂದು ವಾರದ ನಡುವೆ ನನ್ನನ್ನು ಆಫೀಸಿಗೆ ಕರೆದರು. ವಾರೆನ್ ಎಂಬ ಮ್ಯಾನೇಜರು ಮೇಜಿನ ಮೇಲೆ ಕಾಗದ ಇಟ್ಟರು. ನನ್ನ ಹೆಬ್ಬೆರಳನ್ನು ಅವರೇ ಹಿಡಿದು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದರು. ಒರೆಸಿಕೊಳ್ಳಲು ಕಾಗದದ ಕರವಸ್ತ್ರ ಕೊಟ್ಟರು. ನಾನು ಥ್ಯಾಂಕ್ಸ್ ಅಂದೆ. ಆಗ ನನಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ. ಆ ಕಾಗದದಲ್ಲಿ ಇದ್ದುದು ಇಷ್ಟು: ನನ್ನ ಗಂಡ ಮನೆಯ ಕೈತೋಟದಲ್ಲಿ ಜಾರಿ ಬಿದ್ದ, ಕೈ ಉಳುಕಿತು.

ಚೆರ್ ಪಾವ್ ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವುದು ಹೇಗೆ? ಈ ಊರಲ್ಲಿ ನಮ್ಮವರು ಯಾರು ಸತ್ತರೂ ಮೈ ತಡವಿ ಲೋಹ ಹುಡುಕುತ್ತಿದ್ದವನು ಅವನೇ. ಮುದುಕಿಯರ ಜಡೆಯಿಂದ ಪಿನ್ನು ತೆಗೆದವನು, ಗಂಡಸರ ಪ್ಯಾಂಟಿನ ಜಿಪ್ಪು ಕಿತ್ತವನು ಅವನೇ. ಚಳಿಗಾಲ ಬಂದರೆ ಆ ಕೈ ಒಳಗಿನಿಂದ ತಣ್ಣಗಾಗುತ್ತಿತ್ತು. ಒಲೆಯ ಮುಂದೆ ಕೂತು ಉಜ್ಜಿಕೊಳ್ಳುತ್ತ ಒಂದೇ ಮಾತು ಹೇಳುತ್ತಿದ್ದ: "ಹಾಗೇ ಕಳಿಸ್ಬೇಡ ಕಣೇ ಬ್ಲಿಯಾ. ತೆಗೆಸಿ ಕಳಿಸು."

ಹೋದ ಮಂಗಳವಾರ ಪಾಳಿ ಮುಗಿಸಿ ಬಂದು ಕಾರಿನ ಬಾಗಿಲು ತೆಗೆಯುತ್ತ ಬಿದ್ದ. ಎದೆ ನಿಂತಿತ್ತು. ಐವತ್ತೊಂದು ವರ್ಷ.

ನಾನು ಹೇಳಿ ಮುಗಿಸಿದಾಗ ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿದಿರಿನ ಸೀಳುಗಳನ್ನು ಶವದ ಪಕ್ಕ ಇಟ್ಟು, "ತೆಗೆಸಿ," ಎಂದರು. "ಅದು ಬರೋ ತನಕ ನಾನು ಬಾಯಿ ತೆಗೆಯಲ್ಲ."

ಹಾಲ್‌ನ ಮಾಲೀಕ ಗ್ರಾಂಟ್ ಶವಸಂಸ್ಕಾರವನ್ನೇ ಕಸುಬು ಮಾಡಿಕೊಂಡವನು. ಕೆಟ್ಟವನಲ್ಲ. ಪಾ ನ್ಯಾ ಅವನಿಗೆ ಎಲ್ಲ ಹೇಳಿದಳು. ಅವನು ಕನ್ನಡಕ ತೆಗೆದು ಒರೆಸಿದ.

"ಇದನ್ನ ನಾನು ಮಾಡೋ ಹಾಗಿಲ್ಲಮ್ಮ. ಡಾಕ್ಟ್ರು ಮಾಡ್ಬೇಕು. ಅವರು ಆಸ್ಪತ್ರೆ ಕಾಗದ ಕೇಳ್ತಾರೆ. ಯಾವ ಆಸ್ಪತ್ರೆ?"

"ಗೊತ್ತಿಲ್ಲ. ಕಂಪನಿಯೋರಿಗೆ ಗೊತ್ತು."

ಗ್ರಾಂಟ್ ಕಂಪನಿಗೆ ಫೋನು ಮಾಡಿದ. ಅರ್ಧ ಗಂಟೆಯಲ್ಲಿ ವಾರೆನ್ ತಾವೇ ಬಂದರು. ಈಗ ಕೂದಲು ಬೆಳ್ಳಗಾಗಿದೆ. ನಮ್ಮವರು ಯಾರು ಸತ್ತರೂ ಬರುತ್ತಾರೆ, ಕಾರಿನ ಹಿಂದೆ ಮಂಜುಗಟ್ಟಿದ ಆರು ಟರ್ಕಿ ಕೋಳಿ ಇಟ್ಟುಕೊಂಡು. ಇವತ್ತೂ ತಂದಿದ್ದರು. ಬಾಗಿಲಲ್ಲಿ ನಿಂತು ಮೊದಲು ಹಾಲ್‌ ತುಂಬ ಕಣ್ಣಾಡಿಸಿದರು. ಪಾಳಿ ತಪ್ಪಿಸಿ ಬಂದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸರಿದರು.

ವಾರೆನ್ ನನ್ನ ಎರಡೂ ಕೈ ಹಿಡಿದುಕೊಂಡು ಪಾ ನ್ಯಾಳಿಗೆ ಹೇಳಿದರು. ದನಿ ಬೆಣ್ಣೆ.

"ನಿಮ್ಮಮ್ಮನ ದುಃಖ ನಂಗೆ ಅರ್ಥ ಆಗುತ್ತೆ. ಫೈಲು ನೋಡ್ಕೊಂಡೇ ಬಂದೆ. ಕೈ ಉಳುಕಿದೆ ಅಂತಿದೆ. ತೋಟದಲ್ಲಿ ಬಿದ್ದು. ಹೆಬ್ಬೆಟ್ಟು ನಿಮ್ಮಮ್ಮಂದೇ. ಲೋಹದ ಮಾತೇ ಇಲ್ಲ. ಇಲ್ಲದ್ದನ್ನ ಯಾವ ಡಾಕ್ಟ್ರು ತೆಗೀತಾನೆ ಹೇಳು?"

"ಮುಟ್ಟಿ ನೋಡಿ," ಎಂದಳು ಪಾ ನ್ಯಾ. "ಚರ್ಮದ ಕೆಳಗೇ ಸಿಗುತ್ತೆ."

ಅವರು ಶವದ ಕಡೆ ನೋಡಲಿಲ್ಲ. "ಹದಿಮೂರು ವರ್ಷದ ಹಿಂದೆ ನಿಮ್ಮನ್ನ ಈ ಊರಿಗೆ ಕರೆಸ್ಕೊಂಡಾಗ ಬೇಡ ಅಂದೋರು ಎಷ್ಟು ಜನ ಗೊತ್ತಾ? ನಾಯಿ ತಿಂತಾರೆ, ಕೋಳಿ ಬಲಿ ಕೊಡ್ತಾರೆ ಅಂತಿದ್ರು. ನಾನು ಎದ್ದು ನಿಂತು ಮಾತಾಡಿದೆ. ಆ ಜನ ಎಲ್ಲಿಗೂ ಹೋಗಿಲ್ಲ. ಈಗ ಹೆಣ ಕುಯ್ಯೋ ಸುದ್ದಿ ಅವರ ಕಿವಿಗೆ ಬಿದ್ರೆ, ನಾನು ಮತ್ತೆ ನಿಮ್ಮ ಪರ ನಿಲ್ಲೋಕಾಗಲ್ಲ. ಅರವತ್ತು ಜನ ಇದೀರಿ ನಮ್ಮಲ್ಲಿ. ಯೋಚನೆ ಮಾಡಿ."

ಪಾ ನ್ಯಾ ಇದನ್ನು ಹ್ಮಾಂಗ್ ಭಾಷೆಗೆ ತಿರುಗಿಸಿದಳು. ಪೂರ್ತಿ ತಿರುಗಿಸಿದಳು, ಬೆಣ್ಣೆ ಬಿಟ್ಟು. ಗಂಡಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಸೈ ನನ್ನ ಹತ್ತಿರ ಬಂದ.

"ಅತ್ತಿಗೆ, ಬಿಟ್ಬಿಡಿ. ನಮ್ಮನೇಲೇ ಮೂರು ಜನ ಅಲ್ಲಿದೀವಿ. ಅಣ್ಣ ಇದ್ದಿದ್ರೆ ಅವನೂ ಇದೇ ಹೇಳ್ತಿದ್ದ."

"ಅಣ್ಣ ಇಲ್ಲೇ ಇದಾನಲ್ಲ ಸೈ. ಬೆಳಗಿಂದ ಹೇಳ್ತಾನೇ ಇದಾನೆ. ನೀನೇ ಕೇಳ್ತಿಲ್ಲ."

"ಬದುಕಿರೋರು ಬದುಕ್ಬೇಕಲ್ಲ?"

"ಆ ಕೂಸಿನ ಹಣೆ ಮುಟ್ಟಿ ನೋಡು. ಆಮೇಲೆ ಹೇಳು."

ಅವನು ಮುಟ್ಟಲಿಲ್ಲ. ಗೋಡೆಗೆ ಒರಗಿ ನಿಂತ.

ಹನ್ನೆರಡೂ ಮುಕ್ಕಾಲು. ನಾನು ಹಿಂದಿನ ಅಡುಗೆಮನೆಗೆ ಹೋದೆ. ಬೆಳಿಗ್ಗೆ ಹಂದಿ ಕಡಿದ ಚಾಕುಗಳು ಅಲ್ಲಿ ತೊಟ್ಟಿಯಲ್ಲಿದ್ದವು. ಕಿರಿದಾದದ್ದು, ಸಣ್ಣ ಬಾಯಿಯದು ಒಂದನ್ನು ಆರಿಸಿಕೊಂಡೆ. ಕಲ್ಲಿಗೆ ಉಜ್ಜತೊಡಗಿದೆ. ಕಾರ್ಖಾನೆಯ ಮೂಳೆ ಬಿಡಿಸುವ ಸಾಲಿನಲ್ಲಿ ಹನ್ನೆರಡು ವರ್ಷದಿಂದ ನಾನು ಮಾಡುತ್ತಿರುವುದು ಚಾಕುವಿನ ಕೆಲಸವೊಂದೇ. ಕೋಳಿಯ ತೊಡೆ ಬರುತ್ತದೆ, ಚಾಕು ಹಾಕಬೇಕು, ಮೂಳೆಯ ಗುಂಟ ಎಳೆಯಬೇಕು, ಮೂಳೆ ಬಿಡಿಸಿ ಎಸೆಯಬೇಕು. ಮತ್ತೊಂದು ತೊಡೆ. ರಾತ್ರಿ ಬೆರಳುಗಳು ಮಡಚಿಕೊಂಡೇ ಇರುತ್ತವೆ, ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿ ಒಂದೊಂದೇ ಬಿಡಿಸಿಕೊಳ್ಳಬೇಕು. ಕಾರ್ಖಾನೆ ನನಗೆ ಕಲಿಸಿದ ವಿದ್ಯೆ ಇದು.

ನನ್ನ ಸಾಲಿನಲ್ಲಿ ಪಕ್ಕಕ್ಕೆ ನಿಲ್ಲುವ ಝೌವಾ ಒಳಗೆ ಬಂದಳು. ಚಾಕು ನೋಡಿದಳು. 

"ಸ್ಕ್ರೂಗೆ ಏನು ಮಾಡ್ತೀಯೇ?"

"ಗೊತ್ತಿಲ್ಲ."

"ನಮ್ಮೆಜಮಾನ್ರ ಕಾರಲ್ಲಿ ಟೂಲ್ಸ್ ಡಬ್ಬಿ ಇದೆ. ಸ್ಕ್ರೂ ಬಿಚ್ಚೋ ಇರೋಬರೋ ಕೀಲಿಯೆಲ್ಲ ಇದಾವೆ. ಗಾಡಿ ಓಡಲ್ಲ, ಡಬ್ಬಿ ಮಾತ್ರ ಭರ್ಜರಿ." ಬಾಗಿಲವರೆಗೆ ಹೋಗಿ ತಿರುಗಿದಳು. "ಗ್ಲೌಸು ಹಾಕ್ಕೋ. ಇಲ್ದಿದ್ರೆ ಸೂಪರ್‌ವೈಸರ್ ನೋಟೀಸ್ ಕೊಡ್ತಾನೆ."

ಇಬ್ಬರೂ ನಕ್ಕೆವು. ನಾನು ಗ್ಲೌಸು ಹಾಕಿಕೊಂಡೆ.

ನಾನು ಚಾಕು ಹಿಡಿದು ಹಾಲ್‌ಗೆ ಬಂದಾಗ ದಾರಿ ತಾನಾಗಿ ಬಿಟ್ಟುಕೊಂಡಿತು. ಗ್ರಾಂಟ್ ಅಡ್ಡ ಬಂದ.

"ಅಮ್ಮಾ, ಇದು ಕಾನೂನಿಗೆ ವಿರುದ್ಧ. ನಾನು ಪೊಲೀಸಿಗೆ ಹೇಳಲೇಬೇಕಾಗುತ್ತೆ."

"ಹೇಳಲಿ," ಎಂದೆ. ಪಾ ನ್ಯಾ ಅದನ್ನೂ ತಿರುಗಿಸಿದಳು.

ಅವನು ಫೋನಿನ ಕಡೆ ಹೋದ. ವಾರೆನ್ ಅವನ ಹಿಂದೆಯೇ ಹೋದರು.

ನಾನು ದೊಡ್ಡಪ್ಪನನ್ನು ಕೇಳಿದೆ: "ಕಬ್ಬಿಣ ಹಿಡಿದು ಮುಟ್ತಾ ಇದೀನಿ. ತಪ್ಪಾ?"

"ಒಳಗೆ ಬಿಡೋದು ತಪ್ಪು. ಹೊರಗೆ ತರೋಕೆ ಹಿಡಿದ್ರೆ ತಪ್ಪೇನು?" ಎಂದರು. ಆಮೇಲೆ ಶವದ ಕಿವಿಯ ಬಳಿ ಬಾಗಿ, "ನಿನ್ನ ಹೆಂಡ್ತಿ ಬಂದಿದಾಳಪ್ಪ. ಹೆದರ್ಬೇಡ. ಅವಳ ಕೈ ನಿಂಗೆ ಗೊತ್ತಿರೋದೇ," ಎಂದರು.

ಸೆಣಬಿನ ಅಂಗಿಯ ತೋಳು ಮಡಚಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಳೆಯ ಗಾಯದ ಗೆರೆ. ಅದರ ಮೇಲೆಯೇ ಚಾಕು ಇಟ್ಟೆ. ಎಳೆದೆ. ರಕ್ತ ಬರಲಿಲ್ಲ. ಹೆಣ ಕೆಡದಿರಲೆಂದು ಗ್ರಾಂಟ್ ತುಂಬಿದ ಔಷಧಿಯ ವಾಸನೆ ಬಂತು. ಮಾಂಸ ಬಿಗಿಯಾಗಿತ್ತು, ತಣ್ಣಗಿತ್ತು, ಸಾಲಿನ ಮೇಲೆ ಬರುವ ಮಾಂಸದ ಹಾಗೆಯೇ. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೆ ಅಸಹ್ಯವಾಯಿತು. ಆದರೆ ಕೈ ನಿಲ್ಲಲಿಲ್ಲ. ಮೂಳೆಯ ಗುಂಟ ಹೋಯಿತು. ಟಿಕ್ ಎಂದಿತು.

ಪಟ್ಟಿ ಹೊಳೆಯುತ್ತಿತ್ತು. ಒಂಬತ್ತು ವರ್ಷ ಕತ್ತಲಲ್ಲಿದ್ದೂ ಒಂದು ಚೂರು ತುಕ್ಕಿಲ್ಲ.

ಝೌವಾ ಡಬ್ಬಿ ತೆರೆದು ಒಂದೊಂದೇ ಕೀಲಿ ಕೊಟ್ಟಳು. ಆರು ಮೂಲೆಯ ಒಂದು ಕಿರುಕೀಲಿ ಕೂತಿತು. ಮೊದಲನೆಯದು ತಿರುಗಿತು. ಎರಡನೆಯದು, ಮೂರನೆಯದು. ಝೌವಾ ಹಿಡಿದ ಅನ್ನದ ಬಟ್ಟಲಿಗೆ ಬಿದ್ದವು. ನಾಲ್ಕನೆಯದಕ್ಕೆ ಎರಡೂ ಕೈ ಬೇಕಾಯಿತು. ಸೈ ಗೋಡೆ ಬಿಟ್ಟು ಬಂದು ಅಣ್ಣನ ಮೊಣಕೈ ಅಲ್ಲಾಡದ ಹಾಗೆ ಹಿಡಿದುಕೊಂಡ. ಐದು.

ಹೊರಗೆ ಕಾರು ನಿಂತ ಸದ್ದು. ಆರನೆಯದು ಮೂಳೆಯೊಳಗೆ ಕಚ್ಚಿಕೊಂಡಿತ್ತು. ಕೀಲಿ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು.

"ಪೊಲೀಸು," ಎಂದರು ಯಾರೋ.

ಮೂಳೆ ಬಿಡಿಸುವ ಸಾಲಿನ ಹೆಂಗಸರು, ಸ್ವಲ್ಪ ಹೊತ್ತಿನ ಮುಂಚೆ ವಾರೆನ್ನರ ಕಣ್ಣು ತಪ್ಪಿಸಿ ಅವಿತುಕೊಂಡವರು, ಎದ್ದು ಬಾಗಿಲಿಗೆ ಹೋದರು. ಹೆಗಲಿಗೆ ಹೆಗಲು ತಾಗಿಸಿ ನಿಂತರು, ಸಾಲಿನ ಮುಂದೆ ನಿಲ್ಲುವ ಹಾಗೆ. ಪೊಲೀಸಿನವನು ವಯಸ್ಸಿನಲ್ಲಿ ಚಿಕ್ಕವನು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅವರ ತಲೆಗಳ ಮೇಲಿಂದ ನೋಡಿದ. ನೋಡಿದ್ದು ಅವನಿಗೆ ಸಾಕಾಯಿತು. ಅಲ್ಲೇ ನಿಂತ. ಇನ್ನೊಂದು ಕೈ ಸೊಂಟದ ಪಿಸ್ತೂಲಿನ ಮೇಲೆಯೇ ಇತ್ತು.

ನಾನು ಚಾಕುವಿನ ತುದಿಯಿಂದ ಮೂಳೆ ಸ್ವಲ್ಪ ಕೆರೆದೆ. "ತಡ್ಕೋ," ಎಂದೆ ಚೆರ್ ಪಾವ್‌ಗೆ. ಕೀಲಿ ಒತ್ತಿ ಹಿಡಿದು, ಉಸಿರು ಕಟ್ಟಿ ತಿರುಗಿಸಿದೆ. ಬಂತು.

ಪಟ್ಟಿಯನ್ನೂ ಎತ್ತಿ ಬಟ್ಟಲಿಗೆ ಹಾಕಿದೆ. ಪಾ ನ್ಯಾ ಕೂಸನ್ನು ಪಕ್ಕದವರಿಗೆ ಕೊಟ್ಟು ಸೂಜಿ ಹಿಡಿದು ಬಂದಳು. ಹೂಬಟ್ಟೆ ಕಸೂತಿ ಹಾಕುವ ಒತ್ತು ಹೊಲಿಗೆಯಲ್ಲೇ ಅಪ್ಪನ ಕೈ ಹೊಲಿದಳು. ಹೊಲಿದ ಸೂಜಿಯನ್ನು ಎತ್ತಿ ಎಲ್ಲರಿಗೂ ತೋರಿಸಿ ದೂರ ಇಟ್ಟಳು. ನಾನು ತೋಳು ಇಳಿಸಿ ದಾರ ಕಟ್ಟಿದೆ.

ದೊಡ್ಡಪ್ಪ ಬಿದಿರು ಎತ್ತಿಕೊಂಡರು. "ಚೆರ್ ಪಾವ್, ಈಗ?"

ಎಸೆದರು. ಒಂದೇ ಸಲಕ್ಕೆ ಒಪ್ಪಿದ.

ಖೆಂಗ್ ಮತ್ತೆ ಶುರುವಾಯಿತು. ಗಂಡಸರು ಪೆಟ್ಟಿಗೆಯ ಮುಚ್ಚಳ ತಂದರು.

ಆಗ ಹೆಂಗಸರು ಪೊಲೀಸಿನವನಿಗೆ ದಾರಿ ಬಿಟ್ಟರು. ಅವನು ಬಟ್ಟಲಿನೊಳಗೆ ನೋಡಿದ. ಪಟ್ಟಿಯನ್ನು ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ಎತ್ತಿದ.

"ಇದ್ರ ಮೇಲೆ ನಂಬರ್ ಇದೆ," ಎಂದ. "ಯಾವ ಆಸ್ಪತ್ರೇದು ಅಂತ ಹುಡುಕ್ಬೋದು."

ವಾರೆನ್ ಮುಂದೆ ಬಂದರು. "ಅದನ್ನ ನಂಗೆ ಕೊಟ್ಬಿಡಪ್ಪ. ಕಂಪನಿ ಫೈಲಿಗೆ ಸೇರಿದ್ದು."

"ಇಲ್ಲದ ಲೋಹ ಫೈಲಿಗೆ ಹೇಗೆ ಸೇರುತ್ತೆ ಸಾರ್?" ಎಂದಳು ಪಾ ನ್ಯಾ.

ಅವರ ಕೊರಳು ಕೆಂಪಾಯಿತು. ಆದರೆ ದನಿ ಇನ್ನೂ ಬೆಣ್ಣೆಯೇ. "ನೋಡು, ನಿಮ್ಮಮ್ಮ ಗಂಡನ ಜೊತೆ ಸ್ಮಶಾನಕ್ಕೆ ಹೋಗ್ಲಿ. ಮಣ್ಣು ಮಾಡ್ಲಿ. ಈ ಹುಡುಗನಿಗೆ ನಾನು ಹೇಳ್ತೀನಿ, ಏನೂ ಬರೆಯೋದು ಬೇಡ ಅಂತ. ಗ್ರಾಂಟೂ ಏನೂ ಹೇಳಲ್ಲ. ಆ ಪಟ್ಟಿ ಮಾತ್ರ ಇಲ್ಲಿ ಕೊಡ್ಲಿ. ಇಲ್ಲಾಂದ್ರೆ ಹೆಣ ವಿರೂಪ ಮಾಡಿದ ಕೇಸು. ಈಗಿಂದೀಗ್ಲೇ ಠಾಣೆಗೆ ಹೋಗ್ಬೇಕು. ಯಾವುದು ಬೇಕು ಕೇಳು."

ಪೊಲೀಸಿನವನು ಟೋಪಿ ನೋಡಿಕೊಂಡ. ಅಲ್ಲ ಎನ್ನಲಿಲ್ಲ.

ಪಾ ನ್ಯಾ ಕೇಳಿದಳು. ಆಮೇಲೆ ನನ್ನ ತೋಳು ಹಿಡಿದಳು. "ಅಮ್ಮ, ಅಪ್ಪನ ಜೊತೆ ಹೋಗು. ಅಷ್ಟು ದೂರ ಒಬ್ಬನೇ ಹೋಗ್ತಾನೆ."

ಪೆಟ್ಟಿಗೆ ಎತ್ತಿದರು. ಹೆಂಡತಿಯಾದವಳು ಅದರ ಹಿಂದೆ ಹೋಗಬೇಕು. ನಾನು ಒಂದು ಕುರ್ಚಿ ಎಳೆದುಕೊಂಡು ಪೊಲೀಸಿನವನ ಎದುರು ಕೂತೆ. ತಿರುಗಿಸಿ ಹೇಳಲು ಪಾ ನ್ಯಾ ಪಕ್ಕದಲ್ಲಿ ನಿಂತಳು.

"ಬರಕೊಳ್ಳಪ್ಪ," ಎಂದೆ. "ನಾನೇ ಕುಯ್ದೆ. ಎಡಗೈ. ಎಲ್ಲಿಂದ ಬಂತು ಅದು ಅಂತಾನೂ ಬರಕೊ. ಅವತ್ತು ತೋಟದಲ್ಲಿ ಮೊಣಕಾಲುದ್ದ ಹಿಮ ಇತ್ತು. ಯಾವ ತೋಟದಲ್ಲಿ ಬೀಳ್ತಾನೆ ಅವನು?"

ವಾರೆನ್ ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಬಾಗಿಲಲ್ಲಿ ನಿಂತಿದ್ದ ಹೆಂಗಸರನ್ನು ನೋಡುತ್ತ ಹೆಸರು ಬರೆಯತೊಡಗಿದರು. ಝೌವಾ ಬಟ್ಟಲು ಕೆಳಗಿಟ್ಟು ಅವರ ಭುಜದ ಪಕ್ಕ ಹೋಗಿ ಬಗ್ಗಿ ನೋಡಿದಳು.

"ನಂದು ಸರಿಯಾಗಿ ಬರೀರಿ ಸಾರ್. ಹನ್ನೆರಡು ವರ್ಷದಿಂದ ಸಂಬಳದ ಚೀಟೀಲೂ ತಪ್ಪೇ ಬರೀತೀರ. ಕೆಲಸದಿಂದ ತೆಗೆಯೋವಾಗ್ಲಾದ್ರೂ ಸರಿ ಇರ್ಲಿ." ಅವರ ಬೆರಳು ನಿಂತಿತು. "ಹೂಂ, ಬರೀರಿ. ಇನ್ನೂ ಜನ ಇದೀವಿ."

ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಳು.

ಮೂರು ದಿನದಿಂದ ಬಡಿಯುತ್ತಿದ್ದ ನಗಾರಿಯನ್ನು ಬಿಚ್ಚುತ್ತಿದ್ದರು. ಹೊರಗೆ ಶವದ ಗಾಡಿಯ ಬಾಗಿಲು ಮುಚ್ಚಿತು, ಇಂಜಿನ್ನು ಶುರುವಾಯಿತು. ನಾನು ಕಿಟಕಿಯ ಕಡೆ ತಿರುಗಲಿಲ್ಲ. ಪೊಲೀಸಿನವನ ಪೆನ್ನನ್ನೇ ನೋಡುತ್ತಿದ್ದೆ. ಅದು ನಿಂತಾಗಲೆಲ್ಲ ಮತ್ತೆ ಸರಪಳಿಯಿಂದ ಶುರುಮಾಡಿ ಹೇಳಿದೆ.